ಹಾಲಿನ ಡೇರಿಯ ಹಳೆ ಕಂಪ್ಯೂಟರುಗಳೂ ಮಹೇಶ್ವರಿಯೂ

ಮಹೇಶ್ವರಿಗೆ ಹಳೆ ಕಂಪ್ಯೂಟರುಗಳ ಹುಚ್ಚು ಎಂದು ಕುಷ್ಟಗಿಯಲ್ಲಿ ಜನ ಆಡಿಕೊಳ್ಳುತ್ತಾರೆ. ಅದು ಪೂರ್ತಿ ನಿಜವಲ್ಲ. ಹೊಸದನ್ನು ಕಂಡರೆ ಅವಳ ಕೈಯೂ ತುರಿಸುತ್ತದೆ. ಆದರೆ ಹೊಸ ಎಮ್ಮೆ ಬಂತೆಂದು, ಇನ್ನೂ ಹಾಲು ಕೊಡುವ ಹಳೆ ಎಮ್ಮೆಯ ಹಗ್ಗ ಬಿಚ್ಚಿ ಹೊರಗೆ ಹೊಡೆಯಬಾರದು ಎಂಬುದು ಅವಳ ಲೆಕ್ಕ.

ಈ ಲೆಕ್ಕ ಅವಳಿಗೆ ಹತ್ತಿದ್ದು ಗಂಗಾವತಿಯಲ್ಲಿ, ೧೯೯೭ನೆಯ ಇಸವಿಯಲ್ಲಿ. ಅಪ್ಪ ಹನುಮಣ್ಣ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಗಿರಣಿಗೆ ಕಂಪ್ಯೂಟರು ಬಂದ ದಿನ ಅದರ ಡಬ್ಬವನ್ನು ಲಾರಿಯಿಂದ ಇಳಿಸಿ, ಹೆಗಲ ಮೇಲಿಟ್ಟು ಒಳಗೆ ಒಯ್ದವನು ಅವನೇ. ಮನೆಗೆ ಬಂದವನು ಕಾಲು ಸಹ ತೊಳೆಯದೆ ಮಗಳನ್ನು ಕರೆದ.

"ಅಕ್ಕಿ ಚೀಲಕ್ಕಿಂತ ಹಗುರ ಐತಿ. ಆದ್ರ ಇಳಸೂ ಮುಂದ ಸಾವಕಾರ್ರು ಹಿಡಕೊಂಡು ಎಲ್ಲಾರೂ ಜ್ವಾಕಿ, ಜ್ವಾಕಿ ಅಂತ ಒದರಿದ್ರು. ಏನರ ಇರಬೇಕವ್ವಾ ಅದರಾಗ. ನೀ ಕಲಿ."

ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸು ಇತ್ತು. ಹೊಸ ಯಂತ್ರಗಳ ಮುಂದೆ ಕಾಲೇಜು ಹುಡುಗರು ಮುಗಿಬಿದ್ದಿರುತ್ತಿದ್ದರು. ಮೂಲೆಯಲ್ಲಿ ಬಣ್ಣವಿಲ್ಲದ ಪರದೆಯ ಹಳೆಯದೊಂದು ಕೂತಿತ್ತು. ಯಾರೂ ಅದರ ಕಡೆ ಹೋಗುತ್ತಿರಲಿಲ್ಲ. ಮಹೇಶ್ವರಿ ಹೋದಳು. ಅದು ಒಂದು ಮಾತಿಗೆ ಉತ್ತರ ಕೊಡುವಷ್ಟರಲ್ಲಿ ಇವಳು ಕಿಟಕಿಯಿಂದ ಒಂದು ಬಸ್ಸು ಬಂದು ನಿಂತು ಹೋಗುವುದನ್ನು ನೋಡಬಹುದಿತ್ತು. ಆದರೆ ಉತ್ತರ ಕೊಡುತ್ತಿತ್ತು. ತಡವಾಗಿ ಮಾತಾಡುವವರೆಲ್ಲ ದಡ್ಡರಲ್ಲ ಎಂದು ಅವಳಿಗೆ ಅಲ್ಲಿ ತಿಳಿಯಿತು.

ಆಮೇಲೆ ಮದುವೆ. ಕುಷ್ಟಗಿಯ ಗಾಳೇಶ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವವನು. ಅಂಗಡಿಯಲ್ಲಿ ಅರ್ಧ ಜಾಗ ಹೆಂಡತಿಗೆ ಬಿಟ್ಟುಕೊಟ್ಟ. ಆ ಅರ್ಧದಲ್ಲಿ ಕೂತು ಅವಳು ಕಂಪ್ಯೂಟರು ರಿಪೇರಿ ಮಾಡಿದಳು, ತಾನೇ ಓದಿಕೊಂಡು ಪ್ರೋಗ್ರಾಮು ಬರೆಯುವುದನ್ನು ಕಲಿತಳು. ಅಷ್ಟರಲ್ಲಿ ಸುತ್ತಲಿನ ಊರುಗಳಲ್ಲಿ ಹೆಂಗಸರೇ ಸೇರಿ ಹಾಲಿನ ಸಂಘಗಳನ್ನು ಕಟ್ಟಿದ್ದರು. ಸಂಘಗಳೆಲ್ಲ ಕೂಡಿ ಒಂದು ಒಕ್ಕೂಟ, ಅದರ ಕಚೇರಿ ಕೊಪ್ಪಳದಲ್ಲಿ. ಹಾಲು ಅಳೆಯುವ ಪ್ರೋಗ್ರಾಮನ್ನು ಬರೆದುಕೊಟ್ಟವಳು ಮಹೇಶ್ವರಿ. ಹೆಂಗಸು ಹಾಲಿನ ಕ್ಯಾನನ್ನು ತಕ್ಕಡಿಯ ಮೇಲೆ ಇಡುತ್ತಾಳೆ, ಪಕ್ಕದ ಯಂತ್ರ ಕೊಬ್ಬು ಎಷ್ಟಿದೆ ನೋಡುತ್ತದೆ, ಎರಡೂ ಅಂಕಿ ವೈರಿನ ಮೂಲಕ ಕಂಪ್ಯೂಟರಿಗೆ ಹೋಗುತ್ತವೆ, ಹಾಲು ಹಾಕಿದವಳ ಮುಂದಿನ ಬೋರ್ಡಿನಲ್ಲಿ ಆ ದಿನದ ತಾರೀಖಿನ ಜೊತೆ ಕೆಂಪು ಅಕ್ಷರದಲ್ಲಿ ಮೂಡುತ್ತವೆ. ಕೊನೆಗೆ ಊರಿನ ಲೆಕ್ಕವೆಲ್ಲ ಕೊಪ್ಪಳಕ್ಕೆ ಹೋಗುತ್ತದೆ. ಲೆಕ್ಕ ತಲುಪಿದ ಊರಿನ ಹಾಲನ್ನು ಮಾತ್ರ ಟ್ಯಾಂಕರು ತುಂಬಿಕೊಳ್ಳಬೇಕು. ಹಾಲಿಗೆ ನೀರು ಬೆರೆಸುವವರ ಕಾಟಕ್ಕೆ ಒಕ್ಕೂಟ ಮಾಡಿಕೊಂಡ ಕಟ್ಟು ಅದು, ಮಾಡಿದವರೂ ಹಾಲು ಹಾಕುವ ಹೆಂಗಸರೇ.

ಹದಿಮೂರು ವರ್ಷ ಹೀಗೇ ನಡೆಯಿತು. ೨೦೧೮ರ ಶ್ರಾವಣ ಮುಗಿಯುವ ಹೊತ್ತಿಗೆ ಕೊಪ್ಪಳದಲ್ಲಿ ಸಭೆ ಕರೆದರು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಪ್ರೋಗ್ರಾಮು ಎಂದರೆ ಬರೆದವಳೊಬ್ಬಳದೇ ಅಲ್ಲ. ಹಬ್ಬದ ಅಡುಗೆಗೆ ಒಂದು ಮನೆಯಿಂದ ಶಾವಿಗೆ, ಇನ್ನೊಂದು ಮನೆಯಿಂದ ಮಸಾಲೆ ಖಾರ ತಂದುಕೊಂಡ ಹಾಗೆ, ಎಲ್ಲೆಲ್ಲಿಯೋ ಯಾರು ಯಾರೋ ಬರೆದಿಟ್ಟ ತುಣುಕುಗಳ ಮೇಲೆ ಅದು ನಿಂತಿರುತ್ತದೆ. ತಕ್ಕಡಿಯೊಡನೆ ಮಾತಾಡುವುದಕ್ಕೆ ಒಂದು ತುಣುಕು, ಕನ್ನಡ ಅಕ್ಷರ ಮೂಡಿಸುವುದಕ್ಕೆ ಒಂದು, ಕೊಪ್ಪಳಕ್ಕೆ ಹೋಗುವ ಲೆಕ್ಕಕ್ಕೆ ದಾರಿಯಲ್ಲಿ ಯಾರೂ ಕೈ ಹಾಕದಂತೆ ಬೀಗ ಜಡಿಯುವುದಕ್ಕೆ ಒಂದು.

ಸಭೆಯಲ್ಲಿ ಒಕ್ಕೂಟದ ಎಂಜಿನಿಯರು ಶರಣಬಸವ ಎದ್ದು ನಿಂತು ಆ ಬೀಗದ ಮಾತನ್ನೇ ತೆಗೆದ. ಒಳ್ಳೆಯ ಮನುಷ್ಯ, ಸುತ್ತು ಬಳಸು ಗೊತ್ತಿಲ್ಲದವನು.

"ನಾವು ಹಾಕೂ ಬೀಗ ಹಳೇದಾತ್ರಿ. ಈಗಿನ ಕಳ್ಳರಿಗೆ ಅದು ಬೀಗ ಅಲ್ಲ, ಸುತಳಿ ಇದ್ದಂಗ. ದಸರಾದ ಬನ್ನಿ ಕೊಟ್ಟ ಮರುದಿನದಿಂದ ಹೊಸ ಬೀಗ ಇದ್ದ ಲೆಕ್ಕಾನ ಅಷ್ಟ ನಮ್ಮ ಸರ್ವರ್ ತಗೋತೈತಿ."

"ಹಳೇ ಕಂಪ್ಯೂಟರ್ ಇದ್ದ ಊರಿಗಿ?" ಎಂದಳು ಮಹೇಶ್ವರಿ.

"ಅದ ತ್ರಾಸ್ರಿ ಮೇಡಂ. ಹೊಸ ಬೀಗದ ತುಣುಕು ಹಳೇ ಯಂತ್ರದಾಗ ಕೂಡೂದಿಲ್ಲ ಅಂತಾರ. ಹೊಸ ಯಂತ್ರ ಮಂಜೂರಾಗ್ಯಾವು, ಬರೂದು ಯುಗಾದಿ ಆದಮ್ಯಾಲೆ. ಅಲ್ಲೀತನಕ ಆ ಊರುಗಳನ್ನ ಟ್ಯಾಂಕರ್ ದಾರಿಯಿಂದ ಬಿಡಬೇಕಾಗ್ತೈತಿ."

ಹನುಮಸಾಗರದ ಸಂಘದ ಕಾರ್ಯದರ್ಶಿ ಪಕ್ಕೀರವ್ವ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವರ ಊರಿನದೂ ಹಳೆ ಯಂತ್ರವೇ. ಅವಳು ಕೂತಲ್ಲಿಂದಲೇ ಕೇಳಿದಳು: "ಹಂಗಾರ ನಮ್ಮ ಹಾಲು?"

"ಕುಷ್ಟಗಿಗೆ ತಂದು ಹಾಕಬೇಕ್ರಿ ಅಕ್ಕಾರ."

"ತೆಲಿ ಮ್ಯಾಲೆ ಹೊತಗೊಂಡೇನು? ಮುಂಜಾನೆ ಹಾಲು ಮಧ್ಯಾಹ್ನಕ್ಕ ಮುಟ್ಟಿದ್ರ ಅದು ಹಾಲಲ್ಲಪ್ಪಾ, ಮಸರು. ಯುಗಾದಿತನಕ ಎಮ್ಮಿಗೆ ಕರಾ ಬಿಟ್ಟು ಕುಂದ್ರಬೇಕಾಗ್ತೈತಿ."

ಯಾರೂ ನಗಲಿಲ್ಲ. ಆ ಹಾಲಿನ ಮೇಲೇ ಮಕ್ಕಳ ಸಾಲಿ, ಮುದುಕರ ಔಷಧ ನಡೆಯುತ್ತಿದ್ದ ಮನೆಗಳು ಎಷ್ಟೋ ಇದ್ದವು. ಹೊರಗೆ ಬಂದಾಗ ಪಕ್ಕೀರವ್ವ ಮಹೇಶ್ವರಿಯ ಮೊಣಕೈ ಹಿಡಿದು ನಿಲ್ಲಿಸಿದಳು.

"ನೀ ಬರದದ್ದಲ್ಲೇನ ತಂಗಿ ಇದು? ನೀ ಏನಂತಿ?"

ಮಹೇಶ್ವರಿಗೆ ಆಗ ಏನೂ ಗೊತ್ತಿರಲಿಲ್ಲ. ಆದರೂ ಬಾಯಿಂದ ಮಾತು ಹೊರಟುಬಿಟ್ಟಿತು. "ಟ್ಯಾಂಕರ್ ಬರ್ತೈತಿ ಅಕ್ಕಾ. ಯಾವ ಊರೂ ಬಿಡೂದಿಲ್ಲ. ನಾ ತರಸ್ತೀನಿ."

ಕೊಟ್ಟ ಮಾತು ಕುಷ್ಟಗಿಗೆ ಬರುವ ಬಸ್ಸಿನಲ್ಲಿ ಉದ್ದಕ್ಕೂ ಅವಳ ಎದೆಯ ಮೇಲೆ ಕೂತಿತ್ತು.

ಮರುದಿನವೇ ಕೆಲಸ ಹಿಡಿದಳು. ಅಂಗಡಿಯಲ್ಲಿ ಹನುಮಸಾಗರದ್ದೇ ಜಾತಿಯ ಹಳೆ ಯಂತ್ರವೊಂದು ಇತ್ತು. ಅದಕ್ಕೆ ಹೊಸ ಬೀಗದ ತುಣುಕು ಹಾಕಿದಳು. ತುಣುಕು, ನನ್ನ ಜೊತೆ ಇನ್ನೊಂದು ಹೊಸ ತುಣುಕು ಬೇಕು ಎಂದಿತು. ಅದನ್ನು ತಂದರೆ ಅದಕ್ಕೆ ಮತ್ತೆರಡು. ಹೊಸ ಸೊಸೆಯನ್ನು ಕರೆತಂದರೆ ಬೆನ್ನ ಹಿಂದೆ ತವರಿನವರೆಲ್ಲ ಗಂಟು ಕಟ್ಟಿಕೊಂಡು ಬಂದ ಹಾಗೆ. ಎಲ್ಲರನ್ನೂ ಒಳಗೆ ಸೇರಿಸಿಕೊಂಡ ಮೇಲೆ ಕೊನೆಗೆ ಬಂದ ಒಂದು ತುಣುಕು, ಈ ಮನೆ ಹಳೆಯದು, ನಾನು ಇಲ್ಲಿ ಇರುವುದಿಲ್ಲ ಎಂದು ಮೂತಿ ತಿರುವಿತು. ಅಷ್ಟರಲ್ಲಿ ತಕ್ಕಡಿ ಮಾತು ನಿಲ್ಲಿಸಿತ್ತು. ಕನ್ನಡ ಅಕ್ಷರಗಳು ಚೌಕ ಚೌಕ ಡಬ್ಬಿಗಳಾಗಿದ್ದವು.

ಮಹೇಶ್ವರಿ ಕೈಚೆಲ್ಲಿ ಕೂತಳು. ಗಾಳೇಶ ಮೋಟಾರಿನ ಹೊಟ್ಟೆಯೊಳಗೆ ತಂತಿ ಸುತ್ತುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದ.

"ಏನ ಸುಟ್ಟಿತು?" ಎಂದ.

"ಅದ ಗೊತ್ತಾಗವಲ್ದು."

"ಎಲ್ಲಾ ಒಮ್ಮೆಲೆ ಸುತ್ತೀದಿ, ಹ್ಯಾಂಗ ಗೊತ್ತಾಗಬೇಕು? ನಾ ಒಂದೊಂದ ಸುರುಳಿ ಹಾಕ್ತೀನಿ, ದೀಪ ಹಚ್ಚಿ ನೋಡ್ತೀನಿ, ಮುಂದಿಂದು ಹಾಕ್ತೀನಿ. ಹೇಳಿದ್ರ ತಂತಿ ಸುತ್ತಾವ ನನಗೇನ ಹೇಳ್ತಾನ ಅಂತೀದಿ."

"ಅಂದೀನೇನ ನಾ ಯಾವಾಗರ?"

"ಬಾಯಿಲೆ ಅಂದಿಲ್ಲ."

ಅವಳಿಗೆ ನಗು ಬಂತು. ಆದರೆ ಮಾತು ಸರಿಯಿತ್ತು. ಎಲ್ಲ ಕಿತ್ತು ಹಳೆಯ ಹಾಗೆ ಮಾಡಿ ಮೊದಲಿನಿಂದ ಹೊರಟಳು. ಒಂದು ತುಣುಕು ಬದಲಿಸುವುದು, ತಕ್ಕಡಿಯ ಮೇಲೆ ನೀರಿನ ಕೊಡ ಇಟ್ಟು ತೂಗಿ ನೋಡುವುದು, ಅಕ್ಷರ ನೋಡುವುದು, ಆಮೇಲೆ ಮುಂದಿನ ತುಣುಕು. ಯಾವ ತುಣುಕಿನ ಯಾವ ಹೊಸತು ಮುನಿಸಿಕೊಳ್ಳುತ್ತದೋ, ಅದಕ್ಕಿಂತ ಒಂದು ಮೆಟ್ಟಿಲು ಹಿಂದಿನದನ್ನು ಹುಡುಕುವುದು. ಹಳೆ ಯಂತ್ರಗಳನ್ನು ಬಿಟ್ಟುಕೊಡದ ಹಟಮಾರಿಗಳು ಬೇರೆ ದೇಶಗಳಲ್ಲೂ ಇದ್ದಾರೆಂದು ಅವಳಿಗೆ ಇಂಟರ್‌ನೆಟ್ಟಿನಲ್ಲಿ ಗೊತ್ತಾಯಿತು. ಅಂಥವರು ಹೊಸ ಬೀಗವನ್ನೇ ಹಳೆ ಬಾಗಿಲಿಗೆ ಕೂರುವಂತೆ ಕೆತ್ತಿ ಇಟ್ಟಿದ್ದರು. ಗಣೇಶನ ಹಬ್ಬ ಬರುವುದರೊಳಗೆ ಅಂಗಡಿಯ ಯಂತ್ರ ಹೊಸ ಬೀಗ ಹಾಕಿ ಕೊಪ್ಪಳಕ್ಕೆ ಲೆಕ್ಕ ಕಳಿಸಿತು. ಹನುಮಸಾಗರಕ್ಕೂ, ಅದೇ ಜಾತಿಯ ಯಂತ್ರವಿದ್ದ ಉಳಿದ ಊರುಗಳಿಗೂ ದಾರಿಯಾಯಿತು.

ಉಳಿದದ್ದು ಯಲಬುರ್ಗಾ ಸೀಮೆಯ ಮಂಗಳೂರು. ಅಲ್ಲಿಯದು ಯಾರ ಮನೆಯಲ್ಲೂ ಇಲ್ಲದ ಯಂತ್ರ. ಒಂದು ಸೇವಾ ಸಂಸ್ಥೆಯವರು ಊರು ಬಿಟ್ಟು ಹೋಗುವಾಗ ಸಂಘಕ್ಕೆ ಕೊಟ್ಟು ಹೋದ, ಊಟದ ಡಬ್ಬಿಯಷ್ಟೇ ಇರುವ ಪೆಟ್ಟಿಗೆ. ಅದರ ಮಿದುಳಿನ ಜಾತಿಯೇ ಬೇರೆ. ಉಳಿದ ಯಂತ್ರಗಳಿಗೆ ಜನ ತುಣುಕುಗಳನ್ನು ಬೇಯಿಸಿದ ರೊಟ್ಟಿಯ ಹಾಗೆ ಸಿದ್ಧ ಮಾಡಿ ಇಟ್ಟಿರುತ್ತಾರೆ. ಇದಕ್ಕೆ ಯಾರೂ ಮಾಡಿ ಇಟ್ಟಿರಲಿಲ್ಲ. ಹಿಟ್ಟು ತಂದು, ಆ ಪೆಟ್ಟಿಗೆಯ ಒಲೆಯ ಮೇಲೆಯೇ ಬಡಿದು ಬೇಯಿಸಬೇಕು. ಮಹೇಶ್ವರಿ ಮಂಗಳೂರಿಗೆ ಹೋಗಿ, ಬೆಳಗಿನ ಹಾಲು ಮುಗಿದ ಕೂಡಲೇ ಬೇಯಲು ಇಟ್ಟಳು. ಸಂಜೆಯ ಹಾಲಿಗೆ ಹೆಂಗಸರು ಬಂದು ನಿಂತಾಗ ಪೆಟ್ಟಿಗೆ, ಜಾಗ ಸಾಲದು ಎಂದು ಬಾಯಿ ಮುಚ್ಚಿಕೊಂಡಿತು.

ಅಲ್ಲಿಯ ಕಾರ್ಯದರ್ಶಿ ಮೈಮುನಬಿ ಮೈ ಕೈ ತುಂಬಿದ, ದನಿ ದೊಡ್ಡದಾದ ಹೆಂಗಸು. "ಅದರಾಗ ನಮ್ಮ ಸಂಘದ ವಾರ್ಷಿಕೋತ್ಸವದ ಫೋಟೋ ಅದಾವವ್ವಾ, ಅದಕ್ಕ ಜಾಗಾ ಇಲ್ಲ," ಎಂದಳು.

"ತಗೀಲೇನ ಮೈಮುನಕ್ಕಾ?"

"ತಗಿ, ತಗಿ. ಅದರಾಗ ಅಧ್ಯಕ್ಷರು ಅಷ್ಟ ಛಂದ ಬಂದಾರ, ನಾವೆಲ್ಲಾ ಕಣ್ಣ ಮುಚ್ಚೀವಿ."

ಫೋಟೋಗಳನ್ನು ಬೇರೆ ಕಡೆ ಎತ್ತಿಟ್ಟು, ಮರುದಿನ ಮತ್ತೆ ಇಟ್ಟಳು. ಸಂಜೆಗೆ ಬೆಂದಿತು. ಮೈಮುನಬಿ ಪೆಟ್ಟಿಗೆಯನ್ನು ಮುಟ್ಟಿ ನೋಡಿ, "ಹೌದವ್ವಾ, ಬಿಸಿ ಐತಿ," ಎಂದಳು.

ಎಲ್ಲ ಊರುಗಳಲ್ಲಿ ಹೊಸ ಪ್ರೋಗ್ರಾಮನ್ನು ಕೂರಿಸುವಾಗ ಮಹೇಶ್ವರಿ ಪ್ರೀತಿಯಿಂದ ಇನ್ನೊಂದು ಕೆಲಸ ಮಾಡಿದಳು. ಹಳೆಯದು ದಿನಾ ಬೆಳಿಗ್ಗೆ, ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಬರೆದರೆ ಮಾತ್ರ ಮುಂದೆ ಹೋಗುತ್ತಿತ್ತು. ಪಕ್ಕೀರವ್ವ ವರ್ಷಗಟ್ಟಲೆ ಅದಕ್ಕೆ ಬೈದಿದ್ದಳು. "ಇಷ್ಟ ಶಾಣ್ಯಾ ಯಂತ್ರಕ್ಕ ಇವತ್ತ ಯಾವ ದಿನ ಅಂತ ನಾ ಹೇಳಬೇಕೇನು? ಗ್ವಾಡಿಗಿ ಕ್ಯಾಲೆಂಡರ್ ಐತಿ, ನೋಡ್ಕೊ ಅನ್ನು." ಯಂತ್ರದ ಹೊಟ್ಟೆಯಲ್ಲಿ ಗಡಿಯಾರ ಇದ್ದೇ ಇರುತ್ತದೆ. ಹೊಸ ಪ್ರೋಗ್ರಾಮು ತಾರೀಖನ್ನು ಅದರಿಂದಲೇ ತೆಗೆದುಕೊಳ್ಳುವಂತೆ ಮಾಡಿ, ಮಹೇಶ್ವರಿ ಆ ಪ್ರಶ್ನೆಯನ್ನು ಕಿತ್ತುಹಾಕಿದಳು. ಪಕ್ಕೀರವ್ವ ಹಿಗ್ಗಿ ಅವಳಿಗೆ ಒಂದು ಗಿಂಡಿ ಗಿಣ್ಣದ ಹಾಲು ಕೊಟ್ಟು ಕಳಿಸಿದಳು.

ಮಹಾಲಯ ಅಮಾವಾಸ್ಯೆ ಕಳೆಯಿತು, ನವರಾತ್ರಿಯ ಘಟ್ಟ ಹಾಕಿದರು. ದಿನವೂ ಎಲ್ಲ ಊರುಗಳಿಂದ ಹೊಸ ಬೀಗದಲ್ಲಿ ಲೆಕ್ಕ ಹೋಯಿತು, ಒಂದೂ ತಪ್ಪಲಿಲ್ಲ. ಶರಣಬಸವ ಫೋನು ಮಾಡಿ, "ಮೇಡಂ, ನಾ ಸೋತೆ, ನೀವು ಗೆದ್ರಿ," ಎಂದ. ಆ ಮಾತು ಒಂದು ವಾರ ಬೇಗ ಬಂತು, ಗೆಲುವು ಇನ್ನೂ ಆಗಿರಲಿಲ್ಲ.

ನವಮಿಯ ದಿನ ಖಂಡೆ ಪೂಜೆ. ದುಡಿಯುವ ಸಾಮಾನುಗಳಿಗೆ ಆ ದಿನ ದುಡಿತವಿಲ್ಲ. ಕುಡುಗೋಲು, ನೇಗಿಲು, ಹೊಲಿಗೆ ಮಷಿನು, ಎಲ್ಲವನ್ನೂ ತೊಳೆದು ಒರೆಸಿ ಒಂದು ಕಡೆ ಕೂರಿಸಿ ಪೂಜೆ ಮಾಡುತ್ತಾರೆ. ಮಾರನೆಯ ದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಮುಟ್ಟುವುದಿಲ್ಲ. ಡೇರಿಗಳಲ್ಲಿಯೂ ಬೆಳಗಿನ ಹಾಲು ಮುಗಿದ ಮೇಲೆ ತಕ್ಕಡಿ, ಕೊಬ್ಬು ನೋಡುವ ಯಂತ್ರ, ಕಂಪ್ಯೂಟರು ಎಲ್ಲದರ ವೈರು ಕಿತ್ತು, ಧೂಳು ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟರು. ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡು ಹೂವಿನ ಸರ ಹಾಕಿ ಕಾಯಿ ಒಡೆದರು. ಹಾಲು ತಂಪಾಗಿಡುವ ದೊಡ್ಡ ಕೂಲರಿಗೆ ಮಾತ್ರ ನಿಂತಲ್ಲೇ ವಿಭೂತಿ ಹಚ್ಚಿದರು, ವೈರು ಕೀಳಲಿಲ್ಲ. ಮಾರನೆಯ ಸಂಜೆಯವರೆಗೆ ಹಾಲನ್ನು ಲೀಟರಿನ ಮಾಪಿನಿಂದ ಅಳೆದು ಅದರೊಳಗೆ ಸುರಿದರು. ಹಬ್ಬಕ್ಕೆ ಟ್ಯಾಂಕರೂ ಬರುವುದಿಲ್ಲ. ಕೂಲರುಗಳು ಕುತ್ತಿಗೆಯ ತನಕ ತುಂಬಿ ನಿಂತವು.

ಬನ್ನಿ ಕೊಟ್ಟ ಮರುದಿನ, ಅಕ್ಟೋಬರ್ ಇಪ್ಪತ್ತರಂದು, ಹೊತ್ತು ಮೂಡಿದ ಸ್ವಲ್ಪದರಲ್ಲೇ ಮಹೇಶ್ವರಿಯ ಫೋನು ಬಡಿದುಕೊಂಡಿತು.

"ತಂಗೀ, ಹಾಲೇನೋ ಅಳೀಲಿಕ್ಕತ್ತೈತಿ. ಕೊಪ್ಪಳಕ್ಕ ಹೋಗವಲ್ದು," ಎಂದಳು ಪಕ್ಕೀರವ್ವ. "ಕಳಿಸಲಾಗಲಿಲ್ಲ, ಕಳಿಸಲಾಗಲಿಲ್ಲ ಅಂತ ಒಂದ ಸಮ ಬರಾಕತ್ತೈತಿ."

ಅದನ್ನು ಇಡುವುದರೊಳಗೆ ಇನ್ನೊಂದು ಊರಿನದು. ಅದರ ಹಿಂದೆ ಮತ್ತೊಂದು. ಹಳೆ ಯಂತ್ರವಿದ್ದ ಎಲ್ಲ ಊರುಗಳೂ ಒಂದೇ ಮಾತು. ಮಹೇಶ್ವರಿ ಶರಣಬಸವನಿಗೆ ಹಚ್ಚಿದಳು.

"ನಮ್ಮ ಬಾಗ್ಲಾ ತೆರದೈತ್ರಿ ಮೇಡಂ," ಎಂದ ಅವನು. "ಹೊಸ ಯಂತ್ರ ಇದ್ದ ಊರಿಂದೆಲ್ಲಾ ಲೆಕ್ಕ ಬಂದಾವು. ನಿಮ್ಮ ಹಳೇವು ಬರ್ತಾವ, ಬಾಗ್ಲಾ ಬಡೀತಾವ, ನಮ್ಮ ಸರ್ವರ್ ತನ್ನ ಗುರುತಿನ ಪಾಸ್ ತೋರಸ್ತೈತಿ, ಅದನ್ನ ನೋಡಿ ತಾವ ತಿರುಗಿ ಹೋಗ್ತಾವ."

"ಪಾಸ್ ಬದಲಿ ಮಾಡೀರೇನ್ರಿ?"

"ಇಲ್ರಿ. ಹ್ವಾದ ತಿಂಗಳಿಂದ ಅದ ಐತಿ. ನೀವು ಮೊನ್ನೀತನಕ ಅದನ್ನ ನೋಡೇ ಕಳಸೀರಿ."

"ಟ್ಯಾಂಕರ್ ಒಂಚೂರು ನಿಂದ್ರಸ್ರಿ ಸರ್."

"ನಿಂದ್ರಸಾಕ ಬರೂದಿಲ್ರಿ, ಅದರಾಗ ಹಾಲ ಐತಿ. ಲಕ್ಷ್ಮಣಪ್ಪಗ ಸಾವಕಾಶ ಹೊಡಿ ಅಂತ ಹೇಳ್ತೀನಿ. ಅಷ್ಟ ನನ್ನ ಕೈಯಾಗಿರೂದು."

ಅಂಗಡಿಯ ಹಳೆ ಯಂತ್ರದಲ್ಲಿ ಮಾಡಿ ನೋಡಿದಳು. ಅದು ಸರಾಗ ಕಳಿಸಿತು. ಅದೇ ಜಾತಿಯ ಯಂತ್ರ, ಅದೇ ತುಣುಕುಗಳು. ಇಲ್ಲಿ ಓಡಿದ್ದು ಅಲ್ಲಿ ಯಾಕೆ ಕುಂಟುತ್ತದೆ? ಮತ್ತೆ ಪಕ್ಕೀರವ್ವನಿಗೆ ಹಚ್ಚಿ, ಪರದೆಯ ಮೇಲೆ ಏನೇನು ಬರುತ್ತಿದೆ ಎಂದು ಅಕ್ಷರ ಬಿಡದೆ ಓದಿಸತೊಡಗಿದಳು. ಪಕ್ಕೀರವ್ವ ಓದುವುದಕ್ಕೆ ಕನ್ನಡಕ ಹುಡುಕಲು ಫೋನನ್ನು ಮೇಜಿನ ಮೇಲೆ ಇಟ್ಟು ಎದ್ದಳು. ಫೋನಿನಲ್ಲಿ ಹಾಲು ಹಾಕಲು ನಿಂತ ಹೆಂಗಸರ ಗದ್ದಲ ಕೇಳುತ್ತಿತ್ತು. ಅದರ ನಡುವೆ ಒಂದು ದನಿ ಮೇಲೆದ್ದಿತು. ಹಂಪವ್ವನದು. ಗಂಡ ಸತ್ತ ಮೇಲೆ ಎರಡು ಎಮ್ಮೆಗಳ ಮೇಲೆ ಮನೆ ನಡೆಸಿದ ಹೆಂಗಸು.

"ಏ ಇಲ್ಲಿ ನೋಡ್ರೇ, ಈ ಬೋರ್ಡಿನಾಗ ಎರಡ ಸಾವಿರದ ಮೂರನೇ ಇಸವಿ ಅಂತ. ಹಂಗಾರ ನನ್ನ ಗಂಡ ಇನ್ನೂ ಮನಿಯಾಗ ಅದಾನ! ಲಗೂ ಅಳಿ ಪಕ್ಕೀರವ್ವಾ, ಹೋಗಿ ಚಾ ಕಾಸಬೇಕು."

ಇನ್ನೊಬ್ಬಳು ಅಂದಳು: "ಬಂದ್ರ ಚಾ ಕುಡದು ಸುಮ್ಮ ಕುಂದ್ರಾವಲ್ಲ ನಿನ್ನ ಗಂಡ. ಎಮ್ಮಿ ಯಾಕ ಬಡಕಲಾತು ಅಂತ ಜಗಳಾ ತಗೀತಾನ."

"ತಗೀಲಿ ಬಿಡು. ಜಗಳಾಡಿ ಭಾಳ ವರ್ಷ ಆತು, ನನ್ನ ಬಾಯಿ ತುಕ್ಕ ಹಿಡದೈತಿ."

ಹೆಂಗಸರು ಗೊಳ್ಳೆಂದು ನಕ್ಕರು. ಕುಷ್ಟಗಿಯಲ್ಲಿ ಮಹೇಶ್ವರಿ ಎದ್ದು ನಿಂತಿದ್ದಳು.

ಎಲ್ಲವೂ ಒಮ್ಮೆಗೇ ನಿಚ್ಚಳವಾಯಿತು. ಯಂತ್ರದೊಳಗಿನ ಗಡಿಯಾರ ನಡೆಯುವುದು ಕೈಗಡಿಯಾರದಲ್ಲಿ ಇರುವಂಥ ಒಂದು ಬಿಲ್ಲೆ ಬ್ಯಾಟರಿಯ ಮೇಲೆ. ಹಳೆ ಯಂತ್ರಗಳಲ್ಲಿ ಅದು ಎಂದೋ ಸತ್ತುಹೋಗಿತ್ತು. ಇನ್ವರ್ಟರಿಗೆ ಸಿಕ್ಕಿಸಿದ ವೈರಿನಲ್ಲಿ ಸಣ್ಣಗೆ ಕರೆಂಟು ಹರಿಯುತ್ತಿದ್ದುದರಿಂದ ಗಡಿಯಾರ ನಡೆದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ವರ್ಷಕ್ಕೆ ಒಂದೇ ದಿನ, ಖಂಡೆ ಪೂಜೆಗೆ, ವೈರನ್ನೇ ಕೀಳುತ್ತಿದ್ದರು. ಆಗ ಯಂತ್ರ ತಾನು ಹುಟ್ಟಿದ ಇಸವಿಗೆ ಮರಳುತ್ತಿತ್ತು. ಹಿಂದೆಲ್ಲ ಅದರಿಂದ ಏನೂ ಕೆಡಲಿಲ್ಲ, ಯಾಕೆಂದರೆ ಪ್ರೋಗ್ರಾಮು ತಾರೀಖನ್ನು ಮನುಷ್ಯರನ್ನೇ ಕೇಳುತ್ತಿತ್ತು, ಹಳೆ ಬೀಗ ದಿನ ನೋಡುತ್ತಲೇ ಇರಲಿಲ್ಲ. ಹೊಸ ಬೀಗ ನೋಡುತ್ತದೆ. ಸರ್ವರಿನ ಪಾಸಿನ ಮೇಲೆ, ಬಸ್ ಪಾಸಿನ ಹಾಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರುತ್ತದೆ. ಎರಡು ಸಾವಿರದ ಮೂರರಲ್ಲಿ ಕೂತ ಯಂತ್ರಕ್ಕೆ ಎರಡು ಸಾವಿರದ ಹದಿನೆಂಟರ ಪಾಸು ತೋರಿಸಿದರೆ, ಇದು ಇನ್ನೂ ಶುರುವೇ ಆಗಿಲ್ಲ, ಖೊಟ್ಟಿ ಪಾಸು ಎಂದು ಅದು ಮುಖ ತಿರುವದೆ ಏನು ಮಾಡೀತು? ಅಂಗಡಿಯ ಯಂತ್ರಕ್ಕೆ ಮಹೇಶ್ವರಿ ತಾನೇ ಹೊಸ ಬಿಲ್ಲೆ ಹಾಕಿದ್ದಳು. ಅದಕ್ಕೇ ಅದು ಸರಿಯಿತ್ತು.

"ಪಕ್ಕೀರವ್ವಕ್ಕಾ! ಅಕ್ಕಾ! ಫೋನ್ ಎತ್ತು!"

"ಎತ್ತೇನಿ, ಕಿವಿ ಕಿತ್ತು ಹೋದೀತು. ಚಾಳೀಸ ಸಿಕ್ತು, ಏನ ಓದಲಿ?"

"ಏನೂ ಓದಬ್ಯಾಡ. ಕೆಳಗ ಬಲಗಡಿ ಮೂಲ್ಯಾಗ ಗಂಟೆ ತೋರಸ್ತೈತಲ್ಲ, ಅದರ ಮ್ಯಾಲೆ ಲಗೂನ ಎರಡ ಸಲ ಒತ್ತು. ಕ್ಯಾಲೆಂಡರ್ ಬರ್ತೈತಿ. ಅದರಾಗ ಇವತ್ತಿನ ತಾರೀಖು, ಈ ವರ್ಷ ಮಾಡು."

"ಮತ್ತ ನಾನ ತಾರೀಖ ಹೇಳಬೇಕಾತಲ್ಲ ಇದಕ್ಕ!"

"ಬೈಯೂದು ಆಮ್ಯಾಲೆ ಬೈ. ಮೊದಲ ಮಾಡು."

ಟಕ್ ಟಕ್ ಎಂದು ಒತ್ತುವ ಸದ್ದು ಬಂತು. ಆಮೇಲೆ ಪಕ್ಕೀರವ್ವ ಕೂಗಿದ್ದು ಫೋನಿಲ್ಲದೆಯೂ ಕುಷ್ಟಗಿಗೆ ಕೇಳಿಸುವಂತಿತ್ತು. "ಹೋತು! ತಲುಪಿತು ಅಂತ ಬಂತು! ಹಂಪವ್ವಾ, ನಿನ್ನ ಗಂಡ ಮತ್ತ ಹೋದನವ್ವಾ!"

"ಹೋಗ್ಲಿ ಬಿಡ," ಎಂದಿತು ಹಂಪವ್ವನ ದನಿ, "ಚಾಪುಡಿ ಉಳೀತು."

ಹನುಮಸಾಗರದಲ್ಲಿ ಟ್ಯಾಂಕರಿನ ಹಾರ್ನು ಕೇಳಿಸಿತು. ಮಹೇಶ್ವರಿ ಉಳಿದ ಊರುಗಳಿಗೆ ಒಂದೊಂದಾಗಿ ಫೋನು ಹಚ್ಚಿದಳು. ಗಾಳೇಶ ತನ್ನ ಫೋನಿನಿಂದ ಅರ್ಧ ಊರುಗಳನ್ನು ಹಿಡಿದ. "ಗಂಟೀ ಮ್ಯಾಲೆ ಎರಡ ಸಲ ಒತ್ರಿ ಯವ್ವಾ," ಎಂದು ಒದರುತ್ತ ಅಂಗಡಿಯ ತುಂಬ ಓಡಾಡಿದ. ಟ್ಯಾಂಕರು ಊರಿಂದೂರಿಗೆ ಬರುತ್ತಿತ್ತು. ಅದಕ್ಕಿಂತ ಒಂದು ಊರು ಮುಂದೆ ಇವರ ಫೋನು ಓಡುತ್ತಿತ್ತು.

ಕೊನೆಗೆ ಮಂಗಳೂರು. ಅಲ್ಲಿಯ ಪೆಟ್ಟಿಗೆಗೆ ಬಿಲ್ಲೆ ಬ್ಯಾಟರಿಯೇ ಇರಲಿಲ್ಲ, ದಿನ ಮರೆತರೆ ಅದು ೧೯೭೦ರಿಂದಲೇ ಎಣಿಸತೊಡಗುತ್ತಿತ್ತು. ಮೂಲೆಯಲ್ಲಿ ಒತ್ತಲು ಗಡಿಯಾರವೂ ಇರಲಿಲ್ಲ. ಕರಿ ಪರದೆಯ ಮೇಲೆ ಅಪ್ಪಣೆ ಬರೆದೇ ತಾರೀಖು ತಿದ್ದಬೇಕು.

"ನಮ್ಮದರಾಗ ಎಪ್ಪತ್ತನೇ ಇಸವಿ ಐತವ್ವಾ," ಎಂದಳು ಮೈಮುನಬಿ. "ನಾ ಇನ್ನೂ ಹುಟ್ಟಿಲ್ಲ. ಹುಟ್ಟದಾಕಿ ಕೈಲೆ ಏನ ಬರಸ್ತೀದಿ?"

"ಇಂಗ್ಲಿಷ್ ಅಕ್ಷರ ಬರ್ತಾವಲ್ಲ ಮೈಮುನಕ್ಕಾ?"

"ಏಳನೇತ್ತ ಪಾಸ್ ಅದೀನಿ. ಹೇಳು."

"ಡಿ."

"ಡಿ. ಹೂಂ."

"ಎ. ಟಿ. ಇ. ಈಗ ಜಾಗಾ ಬಿಡು."

"ಎಷ್ಟ ಬಿಡಲಿ?"

"ಒಂದಕ್ಷರದಷ್ಟು. ಉದ್ದನ್ನ ಪಟ್ಟಿ ಒಮ್ಮೆ ಒತ್ತು, ಸಾಕು."

ಹೊರಗೆ ಟ್ಯಾಂಕರು ಬಂದು ನಿಂತ ಸದ್ದಾಯಿತು. ಡ್ರೈವರ್ ಲಕ್ಷ್ಮಣಪ್ಪ ಬಾಗಿಲಲ್ಲಿ ಬಂದು, "ಲೆಕ್ಕ ಹೋಗೇತೇನ್ರಿ? ಹೋಗಿಲ್ಲ ಅಂದ್ರ ನಾ ಮುಂದ ಹೋಗಬೇಕಾಗ್ತೈತಿ, ಕೊಪ್ಪಳದಿಂದ ಹಂಗ ಹೇಳ್ಯಾರ," ಎಂದದ್ದು ಫೋನಿನಲ್ಲಿ ಸ್ಪಷ್ಟ ಕೇಳಿಸಿತು.

"ನಿಂದ್ರೋ ತಮ್ಮಾ, ಹುಟ್ಟಾಕತ್ತೀನಿ!" ಎಂದು ಮೈಮುನಬಿ ಗದರಿದಳು.

ಲಕ್ಷ್ಮಣಪ್ಪನಿಗೆ ಏನು ತಿಳಿಯಿತೋ, ಬಾಗಿಲಲ್ಲೇ ಕಾದ. ಮಹೇಶ್ವರಿ ಅಂಕಿಗಳನ್ನು ಹೇಳಿದಳು. ಮೈಮುನಬಿ ಪ್ರತಿಯೊಂದನ್ನೂ ದೊಡ್ಡದಾಗಿ ತಿರುಗಿ ಹೇಳಿ ಒತ್ತಿದಳು. ಹಾಲಿನ ಸಾಲಿನಲ್ಲಿದ್ದ ಹೆಂಗಸರೂ ಅವಳ ಜೊತೆ ಹೇಳತೊಡಗಿದರು. ಕೊನೆಯ ಅಂಕಿ ಮುಗಿಯಿತು.

"ಈಗ ದೊಡ್ಡ ಬಟನ್ ಒತ್ತು ಅಕ್ಕಾ."

ಒತ್ತಿದಳು. ಮಹೇಶ್ವರಿ ಕಣ್ಣು ಮುಚ್ಚಿ ನಿಂತಳು. ಫೋನಿನಲ್ಲಿ ಮೊದಲು ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

"ಬಾರೋ ಲಕ್ಷ್ಮಣಪ್ಪಾ, ಪೈಪ್ ಹಚ್ಚು!" ಎಂದಳು ಮೈಮುನಬಿ.

ಗಾಳೇಶ ಹೆಂಡತಿಯ ಕೈಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. "ಇನ್ನ ಊಟಾ ಮಾಡು," ಎಂದ. ಅವಳು ಊಟ ಮಾಡಲಿಲ್ಲ, ಕೂತು ಬರೆದಳು. ತಪ್ಪು ತನ್ನದು, ಅದನ್ನು ಅವತ್ತೇ ತಿದ್ದಬೇಕು ಎಂದು ಅವಳ ಹಟ. ಯಂತ್ರ ಎದ್ದಾಗ ತನ್ನ ಗಡಿಯಾರವನ್ನು ಕೊನೆಯ ಸಲ ಹಾಲು ಅಳೆದ ದಿನದೊಡನೆ ಹೋಲಿಸಿ ನೋಡಬೇಕು. ಗಡಿಯಾರ ಹಿಂದೆ ಬಿದ್ದಿದ್ದರೆ ನಿಂತು, ಇವತ್ತು ಯಾವ ದಿನ ಎಂದು ಮನುಷ್ಯರನ್ನು ಕೇಳಬೇಕು. ಸರಿಯಿದ್ದರೆ ಸುಮ್ಮನೆ ಕೆಲಸಕ್ಕೆ ಹತ್ತಬೇಕು. ಬರೆದು ಮುಗಿಯುವ ಹೊತ್ತಿಗೆ ಶರಣಬಸವನ ಫೋನು ಬಂತು.

"ಎಲ್ಲಾ ಊರಿಂದೂ ಬಂತ್ರಿ ಮೇಡಂ, ಒಂದೂ ಉಳಿದಿಲ್ಲ. ಇನ್ನ ಮುಂದ ಪೂಜಾಕ್ಕ ಯಾರೂ ವೈರ್ ಕೀಳಬಾರದು ಅಂತ ಒಂದ ಆದೇಶ ಹೊಂಡಸಲೇನ್ರಿ?"

"ಬ್ಯಾಡ್ರಿ ಸರ್. ವರ್ಷಕ್ಕ ಒಂದ ದಿನ ಅದಕ್ಕೂ ವಿಶ್ರಾಂತಿ ಇರ್ಲಿ. ಎದ್ದ ಕೂಡ್ಲೆ ದಿನ ಕೇಳೂದು ನನ್ನ ಪ್ರೋಗ್ರಾಮಿನ ಕೆಲಸ."

ಅವನು ನಕ್ಕ. "ಬರೋಬ್ಬರಿ. ಮೊನ್ನಿ ನಾನೂ ಇಲ್ಲಿ ಸರ್ವರಿಗೆ ಕುಂಬಳಕಾಯಿ ಒಡದೀನ್ರಿ. ವೈರ್ ಕೀಳೂ ಧೈರ್ಯ ಆಗ್ಲಿಲ್ಲ ಅಷ್ಟ."

ಮಂಗಳೂರಿನ ಪೆಟ್ಟಿಗೆಗೆ ಹೊಸದನ್ನು ತಾನೇ ಹೋಗಿ ಕೂರಿಸಬೇಕಿತ್ತು. ಗಾಳೇಶನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಅವಳು ಅಲ್ಲಿ ಮುಟ್ಟಿದಾಗ ಇಳಿಹೊತ್ತು. ಪೆಟ್ಟಿಗೆಯ ಮೇಲೆ ವಿಭೂತಿಯ ಗೆರೆ ಹಾಗೇ ಇತ್ತು. ಅದನ್ನು ಒರೆಸದೆ, ವೈರು ಕಿತ್ತಳು, ಮತ್ತೆ ಹಾಕಿದಳು. ಪೆಟ್ಟಿಗೆ ಎದ್ದು ಕೇಳಿತು: ಇವತ್ತು ಯಾವ ತಾರೀಖು?

ಮೈಮುನಬಿ ಯಾರ ಸಹಾಯವಿಲ್ಲದೆ ಒತ್ತಿದಳು.

ಅಷ್ಟರಲ್ಲಿ ಓಣಿಯಲ್ಲಿ ಟ್ಯಾಂಕರು ಮತ್ತೆ ಬಂದು ನಿಂತಿತು. ಲಕ್ಷ್ಮಣಪ್ಪ ಬೆವರು ಒರೆಸಿಕೊಳ್ಳುತ್ತ ಇಳಿದ. ಹಬ್ಬದ ಎರಡು ದಿನದ ಹಾಲು ಬೆಳಗಿನ ಹಾಲಿನ ಜೊತೆ ಸೇರಿ, ಎಲ್ಲ ಊರುಗಳದೂ ಬಂದದ್ದರಿಂದ ಬೆಳಿಗ್ಗೆ ಇಲ್ಲಿಯ ಅರ್ಧ ಹಾಲು ತುಂಬಿಕೊಳ್ಳುವಷ್ಟರಲ್ಲೇ ಟ್ಯಾಂಕರು ತುಂಬಿಹೋಗಿತ್ತು. ಕೂಲರಿನಲ್ಲಿ ಉಳಿದ ಅರ್ಧಕ್ಕಾಗಿ ಅವನು ಈಗ ಮತ್ತೆ ಬಂದಿದ್ದ.

"ಏನ್ರಿ ಯವ್ವಾ ಇದು," ಎಂದ, "ಒಂದ ಟ್ಯಾಂಕರ್ ನಿಮಗ ಸಾಲಂಗಿಲ್ಲ ಇನ್ನ."

"ನಮ್ಮೂರಿಗಿ ಬರೂದು ಬಂದ್ ಮಾಡ್ತೀವಿ ಅಂತಿದ್ರಿ," ಎಂದಳು ಮೈಮುನಬಿ, ಸೊಂಟದ ಮೇಲೆ ಕೈಯಿಟ್ಟು. "ಈಗ ನೋಡು, ದಿನಕ್ಕ ಎರಡ ಸಲ ಬರಾಕತ್ತೀರಿ. ಚಾ ಕುಡೀತಿಯೋ, ಹಂಗ ಹಾಲ ಕೊಡಲ್ಯೋ?"

ಲಕ್ಷ್ಮಣಪ್ಪ ಪೈಪು ಹಚ್ಚಿದ. ಪಂಪು ಗುಡುಗಿತು. ಕೂಲರಿನಲ್ಲಿ ಹಾಲು ಸುಳಿ ಸುತ್ತುತ್ತ ಕೆಳಗೆ ಇಳಿಯುವುದನ್ನು ನೋಡುತ್ತ ಮಹೇಶ್ವರಿ ಪಕ್ಕೀರವ್ವನಿಗೆ ಫೋನು ಹಚ್ಚಿದಳು.

"ಅಕ್ಕಾ, ಮಂಗಳೂರಿಂದೂ ಪೂರಾ ಹೋತು. ಯಾವ ಊರೂ ಬಿಡಲಿಲ್ಲ."

"ಗೊತ್ತಾತು ತಂಗಿ, ಭಾಳ ಛಲೋ ಆತು," ಎಂದಳು ಪಕ್ಕೀರವ್ವ. ಹಿಂದಿನಿಂದ ಕ್ಯಾನುಗಳ ಸದ್ದು ಬರುತ್ತಿತ್ತು. "ಸಂಜೀ ಹಾಲಿಗೆ ಮಂದಿ ಬಂದು ನಿಂತಾರ. ಇಡು ಈಗ."